ಜೂನ್ ಒಂದರ ಹುಡುಗರು

ನಮ್ಮ ಶಾಲೆಯ ಜಗುಲಿಗೆ ಹಾಸಿರುವುದು ಕಡಪ ಕಲ್ಲು. ಕರಿಹಲಗೆಗಿಂತ ಅದರ ಮೇಲೆ ಸೀಮೆಸುಣ್ಣ ಚೆನ್ನಾಗಿ ಮೂಡುತ್ತದೆ. 2025ರ ನವೆಂಬರ್ 22, ಶನಿವಾರ. ಬೆಳಗಿನ ತರಗತಿ ಮುಗಿಸಿ ಹೊರಗೆ ಬಂದಾಗ ನನ್ನ ಫುಟ್‌ಬಾಲ್ ಹುಡುಗರು ಆ ಕಲ್ಲಿನ ಮೇಲೆ ಮಂಡಿಯೂರಿ ಕುಳಿತಿದ್ದರು. ಐದು ಸಾಲು, ಎಂಟು ಮನೆ. ಭಾರತ, ಇರಾನ್, ಲೆಬನಾನ್, ಪ್ಯಾಲೆಸ್ಟೀನ್, ಚೈನೀಸ್ ತೈಪೆ. ಹೆಸರುಗಳ ಮುಂದೆ ಆಡಿದ್ದು, ಗೆದ್ದದ್ದು, ಡ್ರಾ ಆದದ್ದು, ಸೋತದ್ದು, ಹೊಡೆದ ಗೋಲು, ಬಿಟ್ಟ ಗೋಲು, ಅಂಕ. ಎಲ್ಲ ಮನೆಗಳಲ್ಲೂ ಸೊನ್ನೆ. ಮೇಲೆ ದಪ್ಪ ಅಕ್ಷರಗಳಲ್ಲಿ ‘ಗುಂಪು ಡಿ’.

ಬರೆದವನು ನಮ್ಮಲ್ಲಿ ಎಂಟನೇ ತರಗತಿ ಮುಗಿಸಿ ಹೋದ ಹಳೆಯ ಹುಡುಗ. ಈಗ ಎರಡನೇ ಪಿಯುಸಿ. ಅವನ ಅಂಕಿಗಳು ಅಚ್ಚು ಹಾಕಿದಂತೆ ಇರುತ್ತವೆ. ಪಟ್ಟಿ ಬರೆಯುವ ಕೆಲಸವನ್ನು ಅವನಿಗೆ ಯಾರೂ ವಹಿಸಿರಲಿಲ್ಲ, ಅವನೇ ಎತ್ತಿಕೊಂಡಿದ್ದ. ಅವನ ವಿಷಯಕ್ಕೆ ಮುಂದೆ ಬರುತ್ತೇನೆ.

ನಾನು ಬಳ್ಳಾರಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ. ನಮ್ಮ ಮೈದಾನದಲ್ಲಿ ಹುಲ್ಲಿಲ್ಲ. ಕೆಂಪು ಮಣ್ಣು, ನಡುನಡುವೆ ತಲೆ ಎತ್ತುವ ಗರಸು. ಒಂದು ಕಡೆಯ ಗೋಲಿಗೆ ಎರಡು ಬೇವಿನ ಮರ, ಇನ್ನೊಂದು ಕಡೆಗೆ ನೆಟ್ಟ ಎರಡು ಕಬ್ಬಿಣದ ಕೊಳವೆ. ಬೆಳಿಗ್ಗೆ ಆರಕ್ಕೆ ಹುಡುಗರು ಬರುತ್ತಾರೆ. ಶಾಲೆ ಬಿಟ್ಟು ಹೋದವರೂ ಬರುತ್ತಾರೆ, ನಾನು ಬೇಡ ಎನ್ನುವುದಿಲ್ಲ. ಇಲ್ಲಿಂದ ಮೂವತ್ತು ಕಿಲೋಮೀಟರ್ ಆಚೆ, ತೋರಣಗಲ್ಲಿನ ಪಕ್ಕದಲ್ಲಿ, ದೇಶದ ಬೇರೆ ಬೇರೆ ಕಡೆಯ ಮಕ್ಕಳು ಬಂದು ತರಬೇತಿ ಪಡೆಯುವ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ, ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಇದೆ, ಹಸಿರು ಹುಲ್ಲಿನ ಅಂಗಳಗಳಿವೆ. ಒಮ್ಮೆ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಬೇಲಿಯ ಹತ್ತಿರ ನಿಂತು ಅವರು ನೋಡಿದ್ದು ಆಟಗಾರರನ್ನಲ್ಲ, ಹುಲ್ಲನ್ನು. ಚೆಂಡು ಉರುಳುವಾಗ ಸದ್ದೇ ಆಗುವುದಿಲ್ಲವಲ್ಲ ಎಂದು ಒಬ್ಬ ಅಚ್ಚರಿಪಟ್ಟ.

ಆ ಶನಿವಾರ ಅಹಮದಾಬಾದಿನ ಏಕಾ ಅರೇನಾದಲ್ಲಿ ಹದಿನೇಳು ವರ್ಷದೊಳಗಿನವರ ಏಷ್ಯನ್ ಕಪ್ಪಿನ ಅರ್ಹತಾ ಸುತ್ತು ಶುರುವಾಗುವುದಿತ್ತು. ನಮ್ಮ ಕಡೆ ಅರ್ಹತಾ ಸುತ್ತು ಎಂದರೆ ಯಾರಿಗೂ ಬೇಕಿಲ್ಲ. ಪತ್ರಿಕೆಯಲ್ಲಿ ಕ್ರಿಕೆಟ್ಟಿನ ಕೆಳಗೆ, ಒಂದು ಮೂಲೆಯಲ್ಲಿ, ನಾಲ್ಕು ಸಾಲು. ಟೂರ್ನಿ ಶುರುವಾದ ಮೇಲೆ ನೋಡೋಣ ಎನ್ನುವವರೇ ಹೆಚ್ಚು. ನನಗೆ ಮಾತ್ರ ಇಡೀ ಟೂರ್ನಿಗಿಂತ ಈ ಸುತ್ತೇ ದೊಡ್ಡದಾಗಿ ಕಾಣುತ್ತದೆ. ಲೆಕ್ಕ ನೋಡಿ. 2026ರ ಏಷ್ಯನ್ ಕಪ್ಪಿನಲ್ಲಿ ಆಡುವುದು ಹದಿನಾರು ತಂಡ. 2025ರ ಹದಿನೇಳರೊಳಗಿನವರ ವಿಶ್ವಕಪ್ಪಿಗೆ ಹೋಗಿದ್ದ ಏಷ್ಯಾದ ಒಂಬತ್ತು ದೇಶಗಳಿಗೆ ಜಾಗ ಮೊದಲೇ ಕಾದಿರಿಸಿತ್ತು. ಉಳಿದ ಜಾಗ ಏಳು. ಅದಕ್ಕೆ ಪೈಪೋಟಿಗಿಳಿದದ್ದು ಮೂವತ್ತೆಂಟು ತಂಡ, ಏಳು ಗುಂಪು. ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ದಾರಿ. ಎರಡನೆಯವರಿಗೆ ಇಲ್ಲ, ಎಷ್ಟೇ ಚೆನ್ನಾಗಿ ಆಡಿದ ಎರಡನೆಯವರಾದರೂ ಇಲ್ಲ. ಮೂವತ್ತೊಂದು ದೇಶಗಳ ಹುಡುಗರಿಗೆ ಆ ನವೆಂಬರಿನಲ್ಲೇ ಎಲ್ಲ ಮುಗಿಯಿತು.

ಐದು ತಂಡದ ಗುಂಪಿನಲ್ಲಿ ಒಂದು ವಿಶೇಷವಿದೆ. ಪ್ರತಿ ಸುತ್ತಿನಲ್ಲೂ ಯಾರಾದರೊಬ್ಬರು ಆಡದೆ ಕೂರಬೇಕು. ಕೂತವರು ವಿಶ್ರಾಂತಿ ಪಡೆಯುತ್ತಾರೆ ಎನ್ನುವುದು ಹೊರಗಿನವರ ಮಾತು. ಆ ದಿನ ತಮ್ಮ ಹಣೆಬರಹವನ್ನು ಬೇರೆ ನಾಲ್ಕು ತಂಡಗಳು ಬರೆಯುವುದನ್ನು ನೋಡುತ್ತ ಕೂರುವುದೇ ದೊಡ್ಡ ಶಿಕ್ಷೆ. ಸೋತರೆ ಮನೆಗೆ ಎನ್ನುವ ಪಂದ್ಯದಲ್ಲಿ ಇಂಥದ್ದಿಲ್ಲ. ಅಲ್ಲಿ ನಿನ್ನ ಸೋಲು ನಿನ್ನದು, ನಿನ್ನ ಗೆಲುವು ನಿನ್ನದು. ಗುಂಪಿನಲ್ಲಿ ನೀನು ಹೊಡೆಯದ ಗೋಲು, ನೀನು ಕಾಣದ ಪಂದ್ಯ, ನಿನ್ನ ಹೆಸರೇ ಗೊತ್ತಿಲ್ಲದ ಒಬ್ಬ ಗೋಲ್‌ಕೀಪರನ ಜಾರಿದ ಕೈ, ಎಲ್ಲವೂ ನಿನ್ನ ಸಾಲಿನ ಲೆಕ್ಕಕ್ಕೆ ಸೇರುತ್ತವೆ. ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಪಟ್ಟಿ ಬರೆಯುತ್ತ ಬರೆಯುತ್ತ ಅವರಿಗೇ ಹೊಳೆಯಿತು. ಮೂರನೆಯ ದಿನದ ಹೊತ್ತಿಗೆ ಅವರು ಲೆಬನಾನಿನ ಪಂದ್ಯಕ್ಕೂ ಭಾರತದ ಪಂದ್ಯದಷ್ಟೇ ಕಾತರದಿಂದ ಕಾಯತೊಡಗಿದರು.

ಮೊದಲ ಪಂದ್ಯ ಪ್ಯಾಲೆಸ್ಟೀನ್ ಜೊತೆ, 1–1. ಪ್ಯಾಲೆಸ್ಟೀನ್ ಎಲ್ಲಿದೆ ಟೀಚರ್ ಎಂದು ಆರನೇ ತರಗತಿಯ ಹುಡುಗನೊಬ್ಬ ಕೇಳಿದ. ಭೂಪಟ ತೆಗೆದು ತೋರಿಸಿದೆ. ಎರಡು ತುಂಡಾಗಿ ಬಿದ್ದಿರುವ ಆ ಚಿಕ್ಕ ನೆಲವನ್ನು ಅವನು ಬೆರಳಿನಿಂದ ಮುಚ್ಚಿ ನೋಡಿದ, ಬೆರಳು ನೆಲಕ್ಕಿಂತ ದೊಡ್ಡದಾಗಿತ್ತು. ಅಲ್ಲಿ ಮೈದಾನ ಇದೆಯೇ ಎಂಬ ಅವನ ಮುಂದಿನ ಪ್ರಶ್ನೆಗೆ ನನಗೆ ಸರಿಯಾಗಿ ಮಾತು ಹೊರಡಲಿಲ್ಲ. ಎರಡನೆಯ ಪಂದ್ಯದಲ್ಲಿ ಚೈನೀಸ್ ತೈಪೆಯ ಮೇಲೆ 3–1ರ ಗೆಲುವು. ಮೂರನೆಯದರಲ್ಲಿ ಲೆಬನಾನಿನ ಎದುರು 0–2ರ ಸೋಲು. ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಹಳೆಯ ಅಂಕಿ ಒರೆಸಿ ಹೊಸದನ್ನು ಬರೆಯುವಾಗ ಯಾರೂ ಮಾತಾಡಲಿಲ್ಲ. ಮೂರು ಪಂದ್ಯ, ನಾಲ್ಕು ಅಂಕ. ಉಳಿದದ್ದು ಇರಾನ್.

ಇರಾನ್ ಎಂದರೆ 2023ರ ಹದಿನೇಳರೊಳಗಿನವರ ವಿಶ್ವಕಪ್ಪಿನಲ್ಲಿ ಎರಡು ಗೋಲು ಹಿಂದಿದ್ದು ಬ್ರೆಜಿಲನ್ನು 3–2ರಿಂದ ಮಣಿಸಿದ ದೇಶ. ಅವರಿಗೆ ಡ್ರಾ ಸಾಕಿತ್ತು. ನಮಗೆ ಗೆಲುವೇ ಬೇಕಿತ್ತು.

ಆ ಎರಡು ದಿನ ನಾನು ಹುಡುಗರಿಗೆ ಹಿಂದಿನ ಗುಂಪುಗಳ ಕಥೆ ಹೇಳಿದೆ. ಕಥೆಯೆಂದರೆ ಅಂಕಿಗಳೇ. 2017ರ ಸೆಪ್ಟೆಂಬರಿನಲ್ಲಿ, ಆಗ ಹದಿನಾರರೊಳಗಿನವರ ಟೂರ್ನಿ ಎಂದು ಕರೆಯುತ್ತಿದ್ದರು, ಕಠ್ಮಂಡುವಿನ ಗುಂಪಿನಿಂದ ದಾಟಿದ ನಮ್ಮ ತಂಡ ಮರುವರ್ಷ ಮಲೇಷ್ಯಾದಲ್ಲಿ ಎಂಟರ ಘಟ್ಟ ತಲುಪಿತು. ದಕ್ಷಿಣ ಕೊರಿಯಾದ ಎದುರು 0–1. ಆ ಒಂದು ಪಂದ್ಯ ಗೆದ್ದಿದ್ದರೆ ಹದಿನೇಳರೊಳಗಿನವರ ವಿಶ್ವಕಪ್ಪಿಗೆ ನೇರ ಪ್ರವೇಶ. 2017ರಲ್ಲಿ ನಾವು ವಿಶ್ವಕಪ್ ಆಡಿದ್ದು ಆತಿಥೇಯರಾಗಿ, ನಮ್ಮದೇ ನೆಲದಲ್ಲಿ. ಮೈದಾನದಲ್ಲಿ ಗಳಿಸಿ ಹೋದದ್ದಲ್ಲ. ಗಳಿಸಿ ಹೋಗುವ ಬಾಗಿಲಿನ ಹೊಸ್ತಿಲಿನವರೆಗೆ ಹೋಗಿ ನಿಂತವರು ಆ ಹುಡುಗರು.

2022ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾದಲ್ಲಿ ಆಡಿದಾಗ ಮಾಲ್ಡೀವ್ಸ್, ಕುವೈತ್, ಮ್ಯಾನ್ಮಾರ್ ಮೂರನ್ನೂ ಸೋಲಿಸಿ, ಸೌದಿಯ ಎದುರು 1–2ರಿಂದ ಸೋತರು. ಎರಡನೇ ಸ್ಥಾನ. ಆ ಸಲ ಉತ್ತಮ ಎರಡನೆಯವರಿಗೂ ಜಾಗವಿತ್ತು, ಹೋದರು. 2024ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಚೋನ್‌ಬುರಿಯಲ್ಲಿ ಬ್ರುನೈ ತಂಡದ ಮೇಲೆ ಹೊಡೆದದ್ದು ಹದಿಮೂರು ಗೋಲು. ಹದಿಮೂರು! ಟರ್ಕ್‌ಮೆನಿಸ್ತಾನದ ಮೇಲೆ ಒಂದು. ಕೊನೆಗೆ ಥಾಯ್ಲೆಂಡಿನ ಎದುರು 2–3. ಎರಡು ಗೆಲುವು, ಆರು ಅಂಕ, ಸಾಲಲಿಲ್ಲ. ಹದಿಮೂರು ಗೋಲು ಹೊಡೆದ ಸಂಜೆ ಅವರು ಎಷ್ಟು ಕುಣಿದಿರಬೇಕು. ಅದರಲ್ಲಿ ಒಂದೇ ಒಂದನ್ನು ಕಡ ತಂದು ಕೊನೆಯ ಪಂದ್ಯಕ್ಕೆ ಸೇರಿಸುವಂತಿದ್ದರೆ ಎಂದು ಹುಡುಗರು ಕೇಳಿದರು. ಫುಟ್‌ಬಾಲಿನಲ್ಲಿ ಹಾಗೆ ಕಡ ಕೊಡುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು 2019ರ ತಾಷ್ಕೆಂಟ್ ಗುಂಪು. ಟರ್ಕ್‌ಮೆನಿಸ್ತಾನದ ಮೇಲೆ 5–0, ಬಹ್ರೇನ್ ಮೇಲೆ 5–0, ಆತಿಥೇಯ ಉಜ್ಬೇಕಿಸ್ತಾನದೊಂದಿಗೆ 1–1. ಗುಂಪಿನಲ್ಲಿ ಮೊದಲ ಸ್ಥಾನ. ಇದಕ್ಕಿಂತ ಚೆನ್ನಾಗಿ ಅರ್ಹತೆ ಗಳಿಸುವುದು ಹೇಗೆ? ಟೂರ್ನಿ 2020ರಲ್ಲಿ ಬಹ್ರೇನಿನಲ್ಲಿ ಆಗಬೇಕಿತ್ತು. ಕೊರೊನಾ ಬಂತು. ಮುಂದೂಡಿದರು, ಮತ್ತೆ ಮುಂದೂಡಿದರು, 2021ರ ಜನವರಿಯಲ್ಲಿ ರದ್ದು ಮಾಡಿದರು. ಅಷ್ಟರಲ್ಲಿ ಹುಡುಗರ ವಯಸ್ಸು ದಾಟಿತ್ತು. ಹಿರಿಯರ ತಂಡಕ್ಕೆ ಒಂದು ಟೂರ್ನಿ ತಪ್ಪಿದರೆ ನಾಲ್ಕು ವರ್ಷದ ಮೇಲೆ ಇನ್ನೊಂದು ಬರುತ್ತದೆ, ಅದೇ ಆಟಗಾರರು ಕೆಲವರಾದರೂ ಇರುತ್ತಾರೆ. ಹದಿನೇಳರೊಳಗಿನ ತಂಡಕ್ಕೆ ಮರುಜನ್ಮವಿಲ್ಲ. ಮುಂದಿನ ಸಲ ಆ ಅಂಗಿಯೊಳಗೆ ಇರುವವರು ಬೇರೆ ಮಕ್ಕಳು. ಕಠ್ಮಂಡು, ತಾಷ್ಕೆಂಟ್, ಸೌದಿ, ಈಗ ಅಹಮದಾಬಾದ್, ಈ ನಾಲ್ಕು ಗುಂಪುಗಳಲ್ಲೂ ತಂಡದ ಪಕ್ಕದಲ್ಲಿ ನಿಂತದ್ದು ಗೋವಾದ ಬಿಬಿಯಾನೊ ಫರ್ನಾಂಡಿಸ್. ಒಬ್ಬ ಕೋಚ್ ಎಷ್ಟು ಸಲ ಹೊಸ ಹದಿನೈದರ ಮುಖಗಳ ಮುಂದೆ ನಿಂತು ಮೊದಲಿನಿಂದ ಶುರುಮಾಡಬೇಕು ಎಂದು ಯೋಚಿಸಿದಾಗ ಅವರ ಬಗ್ಗೆ ನನಗೆ ಗೌರವ ಹುಟ್ಟುತ್ತದೆ.

ನಮ್ಮ ಎರೆ ಸೀಮೆಯಲ್ಲಿ ಹಿಂಗಾರಿ ಜೋಳ ಬಿತ್ತುವವರಿಗೆ ಹದ ಎಂದರೆ ಏನೆಂದು ಹೇಳಬೇಕಾಗಿಲ್ಲ. ಮಳೆ ನಿಂತ ಮೇಲೆ ನೆಲ ಕಾಲಿಗೆ ಅಂಟಬಾರದು, ಬಿರುಕೂ ಬಿಡಬಾರದು. ನಡುವಿನ ಆ ನಾಲ್ಕಾರು ದಿನಗಳಲ್ಲಿ ಕೂರಿಗೆ ಹೂಡಬೇಕು. ಆಮೇಲೆ ಎಷ್ಟು ಒಳ್ಳೆಯ ಬೀಜವಿದ್ದರೂ, ಎಷ್ಟು ಜೋಡಿ ಎತ್ತುಗಳಿದ್ದರೂ ಆ ವರ್ಷ ಹೋದಂತೆಯೇ. ಹದಿನೇಳರೊಳಗಿನ ಆಟವೂ ಹದದ ಆಟ. ಈ ಟೂರ್ನಿಗೆ ಹದದ ಗೆರೆ 2009ರ ಜನವರಿ 1. ಆ ದಿನ ಅಥವಾ ಅದರ ನಂತರ ಹುಟ್ಟಿದವರು ಒಳಗೆ. ಹಿಂದಿನ ದಿನ ಹುಟ್ಟಿದವರು ಹೊರಗೆ.

ಗೆರೆ ಎಲ್ಲಿಯಾದರೂ ಎಳೆಯಲೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಮಕ್ಕಳು ಹುಟ್ಟಿದ ದಿನ ಯಾವುದು? ನಮ್ಮ ಭಾಗದ ಯಾವುದೇ ಸರ್ಕಾರಿ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ತೆರೆಯಿರಿ. ಜನ್ಮ ದಿನಾಂಕದ ಕಾಲಂನಲ್ಲಿ ಮೇಲಿನಿಂದ ಕೆಳಗೆ ಕಣ್ಣಾಡಿಸಿ. ಜೂನ್ 1, ಜೂನ್ 1, ಜೂನ್ 1. ಶಾಲೆ ಶುರುವಾಗುವ ದಿನಕ್ಕೆ ವಯಸ್ಸಿನ ಲೆಕ್ಕ ಸರಿಹೋಗಲೆಂದು ಹಾಕಿದ ತಾರೀಖು. ತಾಯಿ ತಂದೆಗೆ ದಿನಾಂಕ ಗೊತ್ತಿರುವುದಿಲ್ಲ, ಹಬ್ಬ ಗೊತ್ತಿರುತ್ತದೆ. ಹಬ್ಬವನ್ನು ದಿನಾಂಕ ಮಾಡುವ ವ್ಯವಧಾನ ನಮಗಿರುವುದಿಲ್ಲ. ನನ್ನ ಜೊತೆಯ ಶಿಕ್ಷಕರಲ್ಲೇ ಎಷ್ಟೋ ಜನ ಜೂನ್ ಒಂದರವರು. ಅವರೆಲ್ಲ ನಿವೃತ್ತರಾಗುವುದೂ ಮೇ 31ಕ್ಕೆ, ಒಂದೇ ದಿನ ಊರಿನ ತುಂಬ ಬೀಳ್ಕೊಡುಗೆಯ ಹಾರಗಳು.

2014ರ ಜೂನ್ ಮೊದಲ ವಾರ. ಬರೆಯುವವರು ರಜೆಯಲ್ಲಿದ್ದರು, ದಾಖಲಾತಿಯ ಮೇಜಿಗೆ ನನ್ನನ್ನು ಕೂರಿಸಿದ್ದರು. ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಎರಡು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಬೆರಳ ತುದಿಗೆ ನೀಲಿ ಬಣ್ಣ ಇಳಿದಿತ್ತು. ಅಕ್ಕನನ್ನು ಎರಡನೇ ತರಗತಿಗೆ ಸೇರಿಸಿಯಾಯಿತು. ತಮ್ಮ ಅವಳ ಲಂಗ ಹಿಡಿದು ಬಿಡಲೊಲ್ಲ. ಇವನನ್ನೂ ಬರೆದುಕೊಳ್ಳಿ ಟೀಚರಮ್ಮ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಇಲ್ಲಾದರೆ ಮಧ್ಯಾಹ್ನ ಒಂದು ಊಟವಾದರೂ ಆಗುತ್ತದೆ ಎಂದರು ತಾಯಿ. ಹುಡುಗ ಚಿಕ್ಕವನೆಂದು ಕಣ್ಣಿಗೇ ಕಾಣುತ್ತಿತ್ತು. ಯಾವಾಗ ಹುಟ್ಟಿದ್ದು ಎಂದು ಕೇಳಿದೆ. ಅವರು ಯೋಚಿಸುತ್ತಿರುವಾಗಲೇ ನಾನು 2014ರಲ್ಲಿ ಆರು ಕಳೆದು, 2008ರ ಜೂನ್ 1 ಎಂದು ಬರೆದೆ. ಸಾಲು ದೊಡ್ಡದಿತ್ತು, ಬಿಸಿಲೇರುತ್ತಿತ್ತು. ಮಾಡಿದ್ದು ಉಪಕಾರ ಎಂದೇ ಅಂದು ತಿಳಿದಿದ್ದೆ.

ಪಟ್ಟಿ ಬರೆಯುತ್ತಿದ್ದವನು ಆ ಹುಡುಗ.

ತರಗತಿಯಲ್ಲಿ ಅವನು ಯಾವಾಗಲೂ ಎಲ್ಲರಿಗಿಂತ ಗಿಡ್ಡ. ಮೈದಾನದಲ್ಲೂ ಅಷ್ಟೇ. ಅದಕ್ಕೇ ಇರಬೇಕು, ಮೈಗೆ ಮೈ ತಾಗಿಸದೆ ಆಡುವುದನ್ನು ಕಲಿತ. ಚೆಂಡು ಬರುವ ಮೊದಲೇ ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡುತ್ತಾನೆ. ಇದನ್ನು ನಾನು ಹೇಳಿಕೊಟ್ಟಿಲ್ಲ. ಚೆಂಡು ಕಾಲಿಗೆ ತಾಗುವ ಹೊತ್ತಿಗೆ ಅದು ಎಲ್ಲಿಗೆ ಹೋಗಬೇಕೆಂದು ಅವನಿಗೆ ಗೊತ್ತಿರುತ್ತದೆ. ಗರಸಿನ ನೆಲದಲ್ಲಿ ಚೆಂಡು ಯಾವ ಕಡೆ ಪುಟಿಯುವುದೋ ಹೇಳಲಾಗದು. ಹಾಗಾಗಿ ಅವನು ಅದನ್ನು ನಿಲ್ಲಿಸುವುದಿಲ್ಲ, ಪುಟಿದ ಕಡೆಗೇ ತಾನೂ ತಿರುಗುತ್ತಾನೆ. ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದೇನೆ, ಇಂಥವನು ಇನ್ನೊಬ್ಬ ಸಿಕ್ಕಿಲ್ಲ.

2025ರ ಏಪ್ರಿಲಿನಲ್ಲಿ ಆಡುವಾಗ ಕೈ ಊರಿ ಬಿದ್ದ. ಮಣಿಕಟ್ಟು ಊದಿಕೊಂಡಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದೆ. ವೈದ್ಯರು ಪ್ಲೇಟನ್ನು ಬೆಳಕಿಗೆ ಹಿಡಿದು, ಮೂಳೆ ಮುರಿದಿಲ್ಲ, ಉಳುಕಿದೆ ಅಷ್ಟೇ ಎಂದರು. ಆಮೇಲೆ ಹೆಬ್ಬೆರಳಿನ ಕಡೆಯ ಮುಂಗೈ ಮೂಳೆಯ ತುದಿಯನ್ನು ತೋರಿಸಿ, ಇಲ್ಲಿ ನೋಡಿ, ಇವನು ಇನ್ನೂ ಚೆನ್ನಾಗಿ ಬೆಳೆಯುತ್ತಾನೆ ಎಂದರು. ಮೂಳೆಯ ತುದಿಗೂ ಕಾಂಡಕ್ಕೂ ನಡುವೆ ಒಂದು ಕಪ್ಪು ಗೆರೆ ಇತ್ತು. ಅದು ಬೆಳವಣಿಗೆಯ ಪಟ್ಟಿ, ಅಲ್ಲಿ ಮೂಳೆ ಇನ್ನೂ ಬೆಸೆದಿಲ್ಲ. ಮನೆಗೆ ಬಂದು ಆ ಪ್ಲೇಟನ್ನು ಕಿಟಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ಎಂಟು ಪುಟ್ಟ ಕಲ್ಲುಗಳಂಥ ಮಣಿಕಟ್ಟಿನ ಮೂಳೆಗಳು, ಅವುಗಳ ಕೆಳಗೆ ಆ ಗೆರೆ. ಹದಿನೇಳರೊಳಗಿನವರ ವಿಶ್ವಕಪ್ಪಿನಲ್ಲಿ 2009ರಿಂದ ಮಣಿಕಟ್ಟಿನ ಎಂಆರ್‌ಐ ನೋಡಿ ವಯಸ್ಸು ತಪಾಸಣೆ ಮಾಡುವುದು ನನಗೆ ಗೊತ್ತಿತ್ತು. ಗೆರೆ ಪೂರ್ತಿ ಬೆಸೆದಿದ್ದರೆ ಹುಡುಗ ಹದಿನೇಳು ದಾಟಿದವನೆಂದು ಹೊರಗಿಡುತ್ತಾರೆ. ಗೆರೆ ತೆರೆದಿರುವುದು ವಯಸ್ಸಿಗೆ ಸಾಕ್ಷಿಯಾಗದು, ಕೆಲವರಿಗೆ ಅದು ತಡವಾಗಿ ಬೆಸೆಯುತ್ತದೆ. ಆದರೂ ನನ್ನೊಳಗೆ ಒಂದು ಅಳುಕು ಕೂತುಬಿಟ್ಟಿತು.

ಮುಂದಿನ ಭಾನುವಾರ ಸಿರುಗುಪ್ಪ ತಾಲ್ಲೂಕಿನಲ್ಲಿರುವ ಅವನ ಅಜ್ಜಿಯ ಊರಿಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಮೊಮ್ಮಗ ಯಾವಾಗ ಹುಟ್ಟಿದ್ದು ಎಂದು ಕೇಳಿದೆ. ಅವರು ಮೊರ ಕೆಳಗಿಡಲೂ ಇಲ್ಲ.

“ಹೊಳೆ ಬಂದ ವರ್ಷ, ಟೀಚರಮ್ಮ. ಹಳ್ಳ ತುಂಬಿ ಬಸ್ಸು ನಿಂತುಹೋಗಿತ್ತು, ಆಸ್ಪತ್ರೆಗೆ ಒಯ್ಯಲು ದಾರಿ ಇರಲಿಲ್ಲ. ಸೀಗಿ ಹುಣ್ಣಿಮೆಯ ಬೆಳಗಿನ ಜಾವ ಈ ಒಳಮನೆಯಲ್ಲೇ ಹುಟ್ಟಿದ. ಆ ವರ್ಷ ಚರಗ ಚೆಲ್ಲಲು ಹೊಲವೇ ಕಾಣಲಿಲ್ಲ, ಬರೀ ನೀರು.”

ಹೊಳೆ ಬಂದ ವರ್ಷ. ನಮ್ಮ ಜಿಲ್ಲೆಗಳಲ್ಲಿ ಅದನ್ನು ಯಾರೂ ಮರೆತಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲು. ರಾಯಚೂರು, ಕೊಪ್ಪಳ, ಬಳ್ಳಾರಿಯ ಹೊಳೆದಂಡೆಯ ಊರುಗಳು ಮುಳುಗಿದ ದಿನಗಳು, ಮಂತ್ರಾಲಯದ ಮಠದೊಳಗೆ ತುಂಗಭದ್ರೆ ನುಗ್ಗಿದ ದಿನಗಳು. ಆ ವರ್ಷದ ಸೀಗಿ ಹುಣ್ಣಿಮೆ ಬಂದದ್ದು ಅಕ್ಟೋಬರ್ ಮೊದಲ ವಾರದಲ್ಲಿ. ಅಜ್ಜಿಯ ಹತ್ತಿರ ಕಾಗದವಿರಲಿಲ್ಲ, ಆದರೆ ಅವರ ಲೆಕ್ಕದಲ್ಲಿ ಒಂದು ದಿನವೂ ಆಚೀಚೆ ಆಗುವಂತಿರಲಿಲ್ಲ. ನಾನು ಬರೆದ ದಿನಾಂಕಕ್ಕೂ ಅವನು ಹುಟ್ಟಿದ ದಿನಕ್ಕೂ ಒಂದು ವರ್ಷ ನಾಲ್ಕು ತಿಂಗಳ ಅಂತರ. ಮನೆಯಲ್ಲಿ ಹೆರಿಗೆಯಾದದ್ದು, ಜನನ ನೋಂದಣಿ ಆಗಿಲ್ಲ. ಶಾಲೆಯ ದಾಖಲೆ ನೋಡಿ ಆಧಾರ್ ಮಾಡಿಸಿದ್ದಾರೆ, ಆಧಾರ್ ನೋಡಿ ಉಳಿದೆಲ್ಲ ಕಾಗದ. ಎಲ್ಲದರ ಬೇರು ನನ್ನ ಅಕ್ಷರ.

ಜುಲೈನಲ್ಲಿ ಹದಿನೇಳರೊಳಗಿನವರ ಒಂದು ಆಯ್ಕೆ ನಡೆಯಿತು. 2009ರ ಜನವರಿ 1ರ ನಂತರ ಹುಟ್ಟಿದವರಿಗೆ ಮಾತ್ರ. ಗೊತ್ತಿದ್ದೂ ಕರೆದುಕೊಂಡು ಹೋದೆ. ಮೇಜಿನ ಹಿಂದೆ ಕುಳಿತಿದ್ದವರು ಕೆಟ್ಟವರಲ್ಲ. ಎಲ್ಲವನ್ನೂ ಕೇಳಿಸಿಕೊಂಡರು. ಎಕ್ಸ್‌ರೇಯನ್ನೂ ನೋಡಿದರು. ಮೇಡಂ, ವಯಸ್ಸು ಕಡಿಮೆ ತೋರಿಸಿಕೊಂಡು ಬರುವವರನ್ನು ಹಿಡಿಯುವುದಕ್ಕೆ ನಮ್ಮ ಹತ್ತಿರ ಪರೀಕ್ಷೆ ಇದೆ, ಕಾಗದದಲ್ಲೇ ಹೆಚ್ಚು ಇರುವವನನ್ನು ಒಳಗೆ ತೆಗೆದುಕೊಳ್ಳುವುದಕ್ಕೆ ಯಾವ ಪರೀಕ್ಷೆಯೂ ಇಲ್ಲ ಎಂದರು. ಅವರ ಮಾತು ಸರಿಯಾಗಿತ್ತು. ಮೂಳೆಯ ಪರೀಕ್ಷೆ ಹೊರಗೆ ಹಾಕಬಲ್ಲದು, ಒಳಗೆ ಕರೆಯಲಾರದು.

ಹುಡುಗ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಂಚು ಎರಡು ಸಲ ಮಡಚಿ, ಚೀಲಕ್ಕೆ ಸೇರಿಸಿದ. ಆಮೇಲೆ ಬೂಟು ಬಿಚ್ಚಿ, ಬರಿಗಾಲಿನಲ್ಲಿ ಮೈದಾನದ ಅಂಚಿಗೆ ಹೋಗಿ, ಆಡುತ್ತಿದ್ದವರ ಹೊರಗೆ ಹೋದ ಚೆಂಡುಗಳನ್ನು ತಂದುಕೊಡತೊಡಗಿದ. ಮಧ್ಯಾಹ್ನದವರೆಗೂ ಅದನ್ನೇ ಮಾಡಿದ. ವಾಪಸು ಬಸ್ಸಿನಲ್ಲಿ ನನಗೆ ಅವನ ಮುಖ ನೋಡಲಾಗಲಿಲ್ಲ. ಅವನೇ ಮಾತು ತೆಗೆದು, ಇಪ್ಪತ್ತರೊಳಗಿನವರ ಲೆಕ್ಕಕ್ಕೆ 2008 ಕೂಡ ನಡೆಯುತ್ತದೆ ಅಲ್ಲವೇ ಟೀಚರ್ ಎಂದ. ಅವನು ನನ್ನನ್ನು ಸಮಾಧಾನ ಮಾಡುತ್ತಿದ್ದ.

ತಡವಾದ ಜನನ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅರ್ಜಿ ಹಾಕಿದ್ದೇನೆ. ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ, ಹೆರಿಗೆ ಮಾಡಿಸಿದ ನೆರೆಮನೆಯ ಅವ್ವ ಬಂದು ಹೇಳಿಕೆ ಕೊಟ್ಟಿದ್ದಾರೆ, ತಪ್ಪು ಬರೆದವಳು ನಾನೇ ಎಂದು ನಾನೂ ಬರೆದುಕೊಟ್ಟಿದ್ದೇನೆ. ಆದೇಶ ಬಂದರೂ ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿರುವ ದಿನಾಂಕ ಬದಲಾಗುವುದು ಇನ್ನೊಂದು ದಾರಿ. ಕಡತ ನಡೆಯುತ್ತಿದೆ. ಕಡತಕ್ಕೆ ಹದದ ಗೊಡವೆ ಇಲ್ಲ.

ನವೆಂಬರ್ 30, ಭಾನುವಾರ. ನಮ್ಮ ಮನೆಯ ಪಡಸಾಲೆಯಲ್ಲಿ ಹನ್ನೊಂದು ಹುಡುಗರು, ನಾಲ್ಕು ಹುಡುಗಿಯರು. ಹುಡುಗಿಯರಿಗೆ ಅಂದು ಒಂದು ಗತ್ತು ಇತ್ತು. ಅಕ್ಟೋಬರಿನಲ್ಲಿ ಬಿಷ್ಕೆಕ್‌ನಲ್ಲಿ ನಮ್ಮ ಹದಿನೇಳರೊಳಗಿನ ಹುಡುಗಿಯರು ಕಿರ್ಗಿಸ್ತಾನವನ್ನೂ ಉಜ್ಬೇಕಿಸ್ತಾನವನ್ನೂ 2–1ರಿಂದ ಸೋಲಿಸಿ ತಮ್ಮ ಏಷ್ಯನ್ ಕಪ್ಪಿಗೆ ಆಗಲೇ ದಾಟಿಯಾಗಿತ್ತು. ಮಂಡಕ್ಕಿ ಒಗ್ಗರಣೆ ಮಾಡಿ ಇಟ್ಟಿದ್ದೆ, ಮಿರ್ಚಿ ತಂದಿದ್ದೆ. ಯಾರೂ ಮುಟ್ಟಲಿಲ್ಲ. ಹತ್ತೊಂಬತ್ತನೆಯ ನಿಮಿಷಕ್ಕೆ ಇರಾನ್ ಗೋಲು ಹೊಡೆಯಿತು. ಈಗ ನಮಗೆ ಎರಡು ಬೇಕು, ಅವರಿಗೆ ಏನೂ ಬೇಡ. ಪಡಸಾಲೆಯಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು.

ಮೊದಲರ್ಧ ಮುಗಿಯುವ ಹೊತ್ತಿಗೆ ಪೆನಾಲ್ಟಿ ಸಿಕ್ಕಿತು. ದಲ್ಲಾಲ್‌ಮುವೊನ್ ಗಾಂಗ್ಟೆ ಚೆಂಡು ಇಟ್ಟು ಹಿಂದೆ ಸರಿದಾಗ ನಾನು ಒಳಗೆ ಹೋಗಿಬಿಟ್ಟೆ. ನೋಡುವ ಧೈರ್ಯ ಸಾಲಲಿಲ್ಲ. ಅಡುಗೆ ಮನೆಯಲ್ಲಿ ನಿಂತಿದ್ದಾಗ ಮನೆ ಹಾರಿಹೋಗುವಂತೆ ಕೂಗಿದರು. ವಿರಾಮದ ನಂತರ, ಐವತ್ತೆರಡನೆಯ ನಿಮಿಷದಲ್ಲಿ, ಗುಣ್‌ಲೈಬಾ ವಾಂಗ್‌ಖೈರಕ್‌ಪಂ ಎರಡನೆಯದನ್ನು ಹೊಡೆದ. ಅಲ್ಲಿಂದ ಕೊನೆಯ ಸೀಟಿಯವರೆಗಿನ ನಲವತ್ತು ನಿಮಿಷ ನಾನು ಕಂಡ ಅತಿ ಉದ್ದದ ನಲವತ್ತು ನಿಮಿಷ. ಇರಾನಿನವರಿಗೆ ಒಂದೇ ಒಂದು ಗೋಲು ಸಾಕಿತ್ತು. ಅದು ಬರಲಿಲ್ಲ. 2–1.

ಹುಡುಗರು ಬೀದಿಗೆ ಓಡಿದರು. ಪಕ್ಕದ ಮನೆಯವರು ಕ್ರಿಕೆಟ್ ಗೆದ್ದೆವೇ ಎಂದು ಬಾಗಿಲಿಗೆ ಬಂದು ಕೇಳಿದರು.

ಪಟ್ಟಿ ಬರೆಯುವವನು ಪಡಸಾಲೆಯಲ್ಲೇ ಕುಳಿತಿದ್ದ. ಪರದೆಯ ಮೇಲೆ ಇನ್ನೂ ಮೈದಾನ ಕಾಣುತ್ತಿತ್ತು. ನೀಲಿ ಅಂಗಿಯವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಅವನು ನೋಡುತ್ತಿದ್ದದ್ದು ಅವರನ್ನಲ್ಲ, ಆಚೆ ನೆಲದ ಮೇಲೆ ಕೂತುಬಿಟ್ಟಿದ್ದ ಇರಾನಿನ ಹುಡುಗರನ್ನು.

ಮರುದಿನ ಡಿಸೆಂಬರ್ 1, ಸೋಮವಾರ. ಆರು ಗಂಟೆಗೆ ನಾನು ಹೋಗುವಷ್ಟರಲ್ಲಿ ಜಗುಲಿಯ ಕಲ್ಲು ತೊಳೆದಾಗಿತ್ತು. ಒಣಗಿದ ಕಡೆಯಿಂದ ಬರೆಯುತ್ತ ಬಂದಿದ್ದ. ಭಾರತ: ನಾಲ್ಕು ಪಂದ್ಯ, ಎರಡು ಗೆಲುವು, ಒಂದು ಡ್ರಾ, ಒಂದು ಸೋಲು, ಹೊಡೆದದ್ದು ಆರು, ಬಿಟ್ಟದ್ದು ಐದು, ಅಂಕ 7. ಅದರ ಕೆಳಗೆ ಇರಾನ್, ಅಂಕ 7. ಸಣ್ಣವನೊಬ್ಬ ಇಬ್ಬರಿಗೂ ಏಳು ಇದ್ದರೆ ನಾವು ಹೇಗೆ ಮೇಲೆ ಎಂದು ಕೇಳಿದ.

“ಅಂಕ ಸಮವಾದರೆ ಅವರಿಬ್ಬರೇ ಆಡಿದ ಪಂದ್ಯದಲ್ಲಿ ಗೆದ್ದವರು ಮೇಲೆ” ಎಂದು ಇವನು ಹೇಳಿದ. ಆಮೇಲೆ ಸೀಮೆಸುಣ್ಣ ಹಿಡಿದ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು, “ಅವರೂ ನಮ್ಮಷ್ಟೇ ಗಳಿಸಿದ್ದಾರೆ” ಎಂದ.

ಹುಡುಗರು ಇರಾನಿನ ಸಾಲಿನ ಮೇಲೆ ಅಡ್ಡಗೆರೆ ಎಳೆಯಲು ಹೊರಟರು, ಹೊರಗೆ ಬಿದ್ದ ತಂಡಕ್ಕೆ ಹಾಗೆ ಮಾಡುವುದು ಅವರ ರೂಢಿ. ಅವನು ಸೀಮೆಸುಣ್ಣ ಕೊಡಲಿಲ್ಲ. ಜೇಬಿಗೆ ಹಾಕಿಕೊಂಡು, ಬೂಟಿನ ದಾರ ಬಿಗಿದು, ಬೇವಿನ ಮರದ ಕಡೆಯ ಗೋಲಿಗೆ ಓಡಿದ. ಚೆಂಡು ಬರುವ ಮೊದಲು ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡಿದ.